ಇಳಿಯುವುದನ್ನು ನಿಲ್ಲಿಸಿದ ಮೇಲೆ

ಸ್ಕೀ ರೆಸಾರ್ಟಿನ ಗಡಿ ದಾಟಿ ನಾನು ದಾರಿ ತಪ್ಪಿದ್ದು ಮೋಡ ಕವಿದಾಗ ಅಲ್ಲ, ಕತ್ತಲಾದಾಗಲೂ ಅಲ್ಲ. ಗಡಿಯ ಹಗ್ಗದ ಆಚೆ ಎರಡು ಜೊತೆ ಸ್ಕೀಗಳ ಜಾಡನ್ನು ಕಂಡು, ಅವರು ಹೋದಲ್ಲಿಗೆ ನಾನೂ ಹೋಗಬಹುದೆಂದು ಎಣಿಸಿದ ಗಳಿಗೆಯಲ್ಲಿ. ಆಗ ಮಧ್ಯಾಹ್ನ ಎರಡೂವರೆ. ಹಿಂದಿನ ಎರಡು ದಿನ ಬಿದ್ದ ಹೊಸ ಹಿಮ ಹಗ್ಗದ ಈಚೆ ಆಗಲೇ ತುಳಿದು ಗಟ್ಟಿಯಾಗಿತ್ತು, ಆಚೆ ಮಾತ್ರ ಬಿದ್ದಂತೆಯೇ ಉಳಿದಿತ್ತು. ನನಗೆ 11 ಚಳಿಗಾಲಗಳ ಅನುಭವವಿತ್ತು. ಹಿಮಕುಸಿತದಲ್ಲಿ ಹೂತವರನ್ನು ಹುಡುಕಲು ನೆರವಾಗುವ ಟ್ರಾನ್ಸೀವರ್ ಇರಲಿಲ್ಲ, ಸಲಿಕೆ ಇರಲಿಲ್ಲ, ಜೊತೆಗೆ ಯಾರೂ ಇರಲಿಲ್ಲ, ಎಲ್ಲಿಗೆ ಹೊರಟಿದ್ದೇನೆಂದು ಯಾರಿಗೂ ಹೇಳಿರಲಿಲ್ಲ. ಹಗ್ಗಕ್ಕೆ ಕಟ್ಟಿದ್ದ ಎಚ್ಚರಿಕೆಯ ಫಲಕವನ್ನು ಓದಿಯೇ ತಲೆ ತಗ್ಗಿಸಿ ನುಸುಳಿದೆ.

ಗಡಿಯೊಳಗಿನ ಇಳಿಜಾರುಗಳ ಒಂದು ಗುಣವನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ಅಲ್ಲಿ ಎತ್ತ ಜಾರಿದರೂ ಕೊನೆಗೆ ನಮ್ಮನ್ನು ಬೆಟ್ಟದ ಮೇಲಕ್ಕೆ ಒಯ್ಯುವ ಲಿಫ್ಟಿನ ಬುಡಕ್ಕೇ ಬಂದು ಸೇರುತ್ತೇವೆ, ಏಕೆಂದರೆ ಹಾದಿಗಳನ್ನು ಹಾಗೆಂದೇ ರೂಪಿಸಿರುತ್ತಾರೆ. ಹಗ್ಗದ ಆಚೆ ಹಾದಿಯನ್ನು ನಿರ್ಧರಿಸುವುದು ನೀರು. ಬೆಟ್ಟದ ಏಣನ್ನು ದಾಟಿದೊಡನೆ ಇಳಿಜಾರು ಬೇರೊಂದು ಕಣಿವೆಯತ್ತ ವಾಲುತ್ತದೆ, ಸಣ್ಣ ತಗ್ಗುಗಳು ಕೂಡಿ ಕೊರಕಲಾಗುತ್ತವೆ, ಕೊರಕಲು ಕಿರಿದಾಗುತ್ತಾ ಹೋಗಿ ತೊರೆಯನ್ನೋ ಬಂಡೆಯ ಅಂಚನ್ನೋ ತಲುಪುತ್ತದೆ. ಹಿಮದ ಮೇಲೆ ನಿಶ್ಚಿಂತೆಯಿಂದ ಜಾರುವವನನ್ನು ಆ ತಗ್ಗುಗಳು ನೀರಿನಂತೆಯೇ ತಮ್ಮೊಳಕ್ಕೆ ಎಳೆದುಕೊಳ್ಳುತ್ತವೆ. ಮೊದಲ ಹತ್ತು ನಿಮಿಷ ನನ್ನ ಬದುಕಿನ ಅತ್ಯುತ್ತಮ ಸ್ಕೀಯಿಂಗ್ ಆಗಿತ್ತು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಆಮೇಲೆ ಮೋಡ ಇಳಿಯಿತು. ನೆರಳೆಂಬುದೇ ಇಲ್ಲದೆ ನೆಲವೂ ಆಕಾಶವೂ ಒಂದೇ ಬಿಳುಪಾಗಿ, ಕಾಲಡಿಯ ಉಬ್ಬು ತಗ್ಗು ಮೊಣಕಾಲಿಗೆ ತಾಗಿದ ಮೇಲಷ್ಟೇ ತಿಳಿಯುತ್ತಿತ್ತು. ಜಾಡುಗಳು ಕಾಣೆಯಾಗಿದ್ದವು, ಎಲ್ಲಿ ತಪ್ಪಿದವೆಂದು ನೆನಪಾಗಲಿಲ್ಲ. ಇನ್ನೂ ಕೆಳಗಿಳಿದರೆ ರಸ್ತೆ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆ ಆಗ ಹುಟ್ಟಿತು. ಅದಕ್ಕೆ ಆಧಾರವೇನೂ ಇರಲಿಲ್ಲ, ಆದರೆ ಇಳಿಯುವುದು ಸುಲಭವಾದ್ದರಿಂದ ನಂಬುವುದೂ ಸುಲಭವಾಯಿತು. ಫರ್ ಮರಗಳ ನಡುವೆ ಕೊರಕಲು ಇಕ್ಕಟ್ಟಾಗುತ್ತಾ ಬಂದು ಒಂದೆಡೆ ನೆಲ ಥಟ್ಟನೆ ಮುಗಿದಿತ್ತು. ಹಿಮದ ಉಂಡೆಯೊಂದನ್ನು ಅಂಚಿನಾಚೆ ಎಸೆದೆ. ಅದು ಬಿದ್ದ ಸದ್ದು ಕೇಳಿಸಲಿಲ್ಲ.

ಸ್ಕೀ ಬಿಚ್ಚಿ ಹೆಗಲಿಗೇರಿಸಿ ಬಂದ ದಾರಿಯಲ್ಲೇ ಹತ್ತಲು ತೊಡಗಿದೆ. ಹೆಜ್ಜೆ ಹೆಜ್ಜೆಗೂ ತೊಡೆಯವರೆಗೆ ಹೂತುಹೋಗುತ್ತಿದ್ದೆ. 40 ನಿಮಿಷ ಹೆಣಗಾಡಿದ ಬಳಿಕ ಕೈಗಡಿಯಾರದ ಎತ್ತರಮಾಪಕ ತೋರಿಸಿದ್ದು 60 ಮೀಟರ್ ಏರಿಕೆಯನ್ನು; ಅದಕ್ಕಿಂತ ಹೆಚ್ಚಿನದನ್ನು ನಾನು ಒಂದೇ ನಿಮಿಷದಲ್ಲಿ ಇಳಿದು ಬಂದಿದ್ದೆ. ಒಳಗಿನ ಅಂಗಿ ಬೆವರಿಗೆ ತೊಯ್ದಿತ್ತು, ಮತ್ತು ಚಳಿಯಲ್ಲಿ ಒದ್ದೆ ಬಟ್ಟೆ ದೇಹದ ಶಾಖವನ್ನು ಬಹಳ ಬೇಗ ಕಸಿಯುತ್ತದೆ. ಅಲ್ಲಿಗೆ ನಿಲ್ಲಿಸಿದೆ. ಆ ದಿನ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ. ಉಳಿದುದೆಲ್ಲ ಅದರಿಂದ ಸಾಧ್ಯವಾಯಿತು.

ಫೋನಿನಲ್ಲಿ 17 ಶೇಕಡಾ ಚಾರ್ಜ್ ಉಳಿದಿತ್ತು. ಆದರೂ ತುರ್ತು ಸಂಖ್ಯೆಗೆ ಕರೆ ಮಾಡುವ ಮೊದಲು ಸುಮಾರು 20 ನಿಮಿಷ ಸುಮ್ಮನೆ ಕುಳಿತಿದ್ದೆ. ಎಷ್ಟು ಹಣ ಕೇಳುತ್ತಾರೋ ಎಂಬ ಭಯ ಒಂದೆಡೆ, ನಾಚಿಕೆ ಇನ್ನೊಂದೆಡೆ. ಕೊನೆಗೆ ಕರೆ ಮಾಡಿದಾಗ ಆ ಕಡೆಯವರು ಬೈಯಲಿಲ್ಲ. ಫೋನಿನ ಸ್ಥಳ ನಿರ್ದೇಶಾಂಕಗಳನ್ನು ಓದಿ ಹೇಳಿಸಿಕೊಂಡರು, ಗಾಯವಾಗಿದೆಯೇ, ಯಾವ ಬಣ್ಣದ ಜಾಕೆಟ್, ಎಷ್ಟು ಬಟ್ಟೆಯಿದೆ ಎಂದು ಕೇಳಿದರು, ಇದ್ದಲ್ಲಿಂದ ಕದಲಬಾರದೆಂದರು. ಪ್ರತಿ ಗಂಟೆಯ ಮೊದಲ ಐದು ನಿಮಿಷ ಮಾತ್ರ ಫೋನ್ ಹಚ್ಚಿ, ಉಳಿದಂತೆ ಆರಿಸಿ ಮೈಗೆ ತಾಗುವಂತೆ ಇಟ್ಟುಕೊಳ್ಳಲು ಹೇಳಿದರು. ಲಿಥಿಯಂ ಬ್ಯಾಟರಿ ಚಳಿಯಲ್ಲಿ ಖಾಲಿಯಾದಂತೆ ತೋರಿ ಫೋನ್ ಆರಿಹೋಗುತ್ತದೆ, ಬೆಚ್ಚಗಾದರೆ ಸ್ವಲ್ಪ ಚೇತರಿಸಿಕೊಳ್ಳುತ್ತದೆ.

ಬೆಳಕಿರುವಾಗಲೇ ಕೊರಕಲಿನ ತಳದಿಂದ ಪಕ್ಕದ ದಿಬ್ಬಕ್ಕೆ ಸರಿದೆ, ಏಕೆಂದರೆ ಮೇಲಿನ ಇಳಿಜಾರು ಕುಸಿದರೆ ಹಿಮವೆಲ್ಲ ಬಂದು ತುಂಬುವುದು ತಳದಲ್ಲೇ. ಅದು 30 ಮೀಟರಿನಷ್ಟು ದೂರ. ಅದನ್ನೂ ಮುಂದಿನ ಕರೆಯಲ್ಲಿ ತಿಳಿಸಿದೆ. ದೊಡ್ಡ ಮರದ ಬುಡವನ್ನು ಹುಡುಕುವ ಆಸೆಯಾಯಿತಾದರೂ ಹತ್ತಿರ ಹೋಗಲಿಲ್ಲ. ಕೆಳಗೊಂಬೆಗಳ ಅಡಿಯಲ್ಲಿ ಹಿಮ ಸಡಿಲವಾಗಿ ಬಾವಿಯಂಥ ಪೊಳ್ಳು ಉಂಟಾಗಿರುತ್ತದೆ, ತಲೆಕೆಳಗಾಗಿ ಅದರೊಳಗೆ ಬಿದ್ದವನು ಒಬ್ಬನೇ ಹೊರಬರುವುದು ಬಹಳ ಕಷ್ಟ. ಸ್ಕೀಯ ಹಿಂತುದಿಯಿಂದ ಉದ್ದನೆಯ ಕಾಲುವೆಯೊಂದನ್ನು ತೋಡಿ, ಮುರಿದ ಫರ್ ರೆಂಬೆಗಳನ್ನು ಮೇಲೂ ಕೆಳಗೂ ಹಾಸಿ, ಬೆನ್ನುಚೀಲದ ಮೇಲೆ ಕುಳಿತೆ. ಹುಡುಕಿ ಬರುವವರಿಗೆ ಕಾಣಲೆಂದು ಸ್ಕೀಗಳೆರಡನ್ನೂ ಹೊರಗೆ ಕತ್ತರಿಯಾಕಾರದಲ್ಲಿ ನೆಟ್ಟೆ. ತೋಡುವಾಗ ಬೆವರದಂತೆ ನಿಧಾನಿಸುವುದೇ ಅತ್ಯಂತ ಕಷ್ಟವಾಗಿತ್ತು.

ಬೂಟಿನ ಬಿಗಿಗಳನ್ನೆಲ್ಲ ಸಡಿಲಿಸಿ ಬೆರಳುಗಳನ್ನು ಎಣಿಸುತ್ತಾ ಆಡಿಸುತ್ತಿದ್ದೆ. ರಾತ್ರಿ ಒಂಬತ್ತರ ಹೊತ್ತಿಗೆ ಎಡಗಾಲಿನ ಎರಡು ಬೆರಳುಗಳ ನೋವು ನಿಂತುಹೋಯಿತು. ನೋವಿಗಿಂತ ಅದು ನನ್ನನ್ನು ಹೆಚ್ಚು ಹೆದರಿಸಿತು. ಎರಿಕ್ ಲೆಮಾರ್ಕ್ ನೆನಪಾದರು. ಒಲಿಂಪಿಕ್ಸ್‌ನಲ್ಲಿ ಐಸ್ ಹಾಕಿ ಆಡಿದ್ದ ಅವರು 2004ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಮತ್ ಬೆಟ್ಟದಲ್ಲಿ ಸ್ನೋಬೋರ್ಡ್ ಮಾಡುತ್ತಾ ತಪ್ಪು ದಿಕ್ಕಿಗೆ ಇಳಿದು ಎಂಟು ದಿನ ಕಳೆದುಹೋಗಿದ್ದರು. ಜೀವ ಉಳಿಯಿತು, ಎರಡೂ ಕಾಲುಗಳನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಇಂಥ ಕಥೆಗಳನ್ನು ನಾನು ಮೊದಲೂ ಓದಿದ್ದೆ, ಅಯ್ಯೋ ಎಂದು ಪುಟ ತಿರುಗಿಸಿದ್ದೆ.

ಬೆನ್ನುಚೀಲದ ಎದೆಪಟ್ಟಿಯ ಬಕಲ್‌ನಲ್ಲಿ ಪುಟ್ಟ ಸೀಟಿಯೊಂದು ಇರುವುದನ್ನು ಫೋನಿನಲ್ಲಿದ್ದವರು ಹೇಳಿದ ಮೇಲೆಯೇ ಕಂಡೆ. ನಿಮಿಷಕ್ಕೆ ಆರು ಸಲ ಊದಿ ಒಂದು ನಿಮಿಷ ಬಿಡುವು, ಮತ್ತೆ ಆರು ಸಲ: ಇದು ಆಲ್ಪ್ಸ್ ಪರ್ವತಗಳಲ್ಲಿ ಬಳಕೆಗೆ ಬಂದ ಸಂಕಟದ ಸಂಕೇತ. ನಿಮಿಷಕ್ಕೆ ಮೂರು ಸಲ ಊದುವುದು ಅದಕ್ಕೆ ಉತ್ತರ. ರಾತ್ರಿ 11 ದಾಟಿದ ಮೇಲೆ ಆ ಮೂರು ಸದ್ದು ಕೇಳಿಬಂತು. ಮೊದಲು ನಂಬಲಿಲ್ಲ, ಮತ್ತೆ ಊದಿದೆ, ಮತ್ತೆ ಮೂರು ಬಂತು.

ಬಂದವರು ಐವರು, ಎಲ್ಲರೂ ಸ್ವಯಂಸೇವಕರು. ನನ್ನ ಜಾಡನ್ನೇ ಹಿಡಿದಿದ್ದರೆ ಅವರು ಎಷ್ಟೋ ಬೇಗ ತಲುಪಬಹುದಿತ್ತು. ಆದರೆ ನಾನು ಇಳಿದ ಇಳಿಜಾರು 35 ಡಿಗ್ರಿಯ ಆಸುಪಾಸಿನದು. ಹಿಮದ ಹಾಳೆ ಕಳಚಿ ಜಾರುವ ಕುಸಿತಗಳು ಹೆಚ್ಚಾಗಿ ಉಂಟಾಗುವುದು 30ರಿಂದ 45 ಡಿಗ್ರಿಯೊಳಗೆ. ಹೊಸ ಹಿಮದ ಭಾರವಿರುವಾಗ ಕತ್ತಲಲ್ಲಿ ಅದರ ಮೇಲೆ ಐದು ಜನರನ್ನು ಇಳಿಸಲು ತಂಡದ ಮುಖ್ಯಸ್ಥೆ ಒಪ್ಪಿರಲಿಲ್ಲ. ಮರಗಳಿರುವ ಪಕ್ಕದ ಏಣಿನ ಮೇಲೆ ಬಳಸಿ ಬಂದಿದ್ದರು. ಬಿಸಿ ಪಾನೀಯ ಕೊಟ್ಟು, ಒಣ ಅಂಗಿ ತೊಡಿಸಿ, ಹಿಮಕ್ಕೆ ಹೂಳದ ಅಗಲ ಪಾದರಕ್ಷೆ ಕಟ್ಟಿಸಿ ನಡೆಸಿದರು. ದಾರಿಯಲ್ಲಿ ಒಬ್ಬರು ಟಾರ್ಚ್ ಬೆಳಕನ್ನು ಪಕ್ಕಕ್ಕೆ ತಿರುಗಿಸಿ ಹಳೆಯ ಗುರುತೊಂದನ್ನು ತೋರಿಸಿದರು. ನಾನು ಬೆನ್ನು ಹತ್ತಿದ್ದ ಆ ಇಬ್ಬರು ಮೊದಲ ಇಳಿಜಾರಿನ ಬುಡದಲ್ಲೇ ನಿಂತು, ಹಿಂದಕ್ಕೆ ಜಾರದಂತೆ ತಡೆಯುವ ಸ್ಕಿನ್ ಎಂಬ ಪಟ್ಟಿಗಳನ್ನು ಸ್ಕೀಯ ಅಡಿಗೆ ಅಂಟಿಸಿಕೊಂಡು, ಇದೇ ಏಣನ್ನು ಹತ್ತಿ ಮರಳಿದ್ದರು. ಅವರು ದಾರಿ ತಿಳಿದವರು. ಅವರು ತಿರುಗಿದ ಜಾಗವನ್ನು ನಾನು ಖುಷಿಯ ಭರದಲ್ಲಿ ದಾಟಿ ಮುಂದೆ ಹೋಗಿದ್ದೆ.

ನನ್ನಿಂದ ಹಣ ಕೇಳಲಿಲ್ಲ. ರೆಸಾರ್ಟಿನವರು ಲಿಫ್ಟ್ ಪಾಸನ್ನು ರದ್ದು ಮಾಡಿದರು, ಅದು ನ್ಯಾಯವೇ. ಎಲ್ಲೆಡೆಯೂ ಹೀಗಿಲ್ಲ. ಅಮೆರಿಕದ ವರ್ಮಾಂಟ್ ರಾಜ್ಯದ ಕಾನೂನಿನಂತೆ ಸ್ಕೀ ಪ್ರದೇಶದಿಂದ ಗಡಿಯಾಚೆ ಹೋದವರು ತಮ್ಮ ಹುಡುಕಾಟದ ವೆಚ್ಚವನ್ನು ಹೊರಬೇಕಾಗಬಹುದು; 2024ರ ಜನವರಿಯಲ್ಲಿ ಅಲ್ಲಿನ ಕಿಲ್ಲಿಂಗ್ಟನ್‌ನಲ್ಲಿ ಮಕ್ಕಳೂ ಸೇರಿ 23 ಜನ ಒಂದೇ ದಿನ ಹೀಗೆ ದಾರಿ ತಪ್ಪಿದ್ದರು. ಕೆನಡಾದ ವ್ಯಾಂಕೂವರ್ ಬಳಿಯ ನಾರ್ತ್ ಶೋರ್ ರೆಸ್ಕ್ಯೂ ತಂಡ ಮಾತ್ರ ಹಣ ಪಡೆಯುವುದಿಲ್ಲ. ವೆಚ್ಚದ ಭಯದಿಂದ ಜನ ಕರೆ ಮಾಡಲು ತಡಮಾಡುತ್ತಾರೆಂಬುದು ಅವರ ವಾದ. ಕೊರಕಲಿನಲ್ಲಿ ಫೋನ್ ಹಿಡಿದು 20 ನಿಮಿಷ ಕುಳಿತಿದ್ದ ನಾನು ಆ ವಾದಕ್ಕೆ ಎದುರಾಡಲಾರೆ, ಆದರೆ ಬೇಜವಾಬ್ದಾರಿಗೆ ಬೆಲೆಯೇ ಇರಬಾರದೆಂದು ಹೇಳುವ ಮುಖವೂ ನನಗಿಲ್ಲ.

ಮರುದಿನ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕುಳಿತಿದ್ದಾಗ ಗಸ್ತು ತಂಡದವರೊಬ್ಬರು ನಾನು ಹಗ್ಗ ದಾಟಿದ ಜಾಗದ ಚಿತ್ರವನ್ನು ತೋರಿಸಿದರು. ಬೇರೆ ಯಾರೂ ಹಿಂಬಾಲಿಸದಿರಲೆಂದು ಗಸ್ತಿನವರು ಅಡ್ಡಡ್ಡಲಾಗಿ ಜಾರಿ ಜಾರಿ ನನ್ನ ಜಾಡಿನ ಮೊದಲ ನೂರು ಮೀಟರುಗಳನ್ನು ಅಳಿಸುವ ಮುನ್ನ ತೆಗೆದ ಚಿತ್ರವದು. ಅದರ ಪಕ್ಕದಲ್ಲಿ, ಬೆಳಗಿನ ಮೊದಲ ಲಿಫ್ಟಿನಲ್ಲಿ ಬಂದ ಯಾರದೋ ಹೊಸ ಜಾಡು ಹಗ್ಗದಿಂದ ಒಂದಿಷ್ಟು ದೂರ ಇಳಿದು, ಅಲ್ಲಿಂದ ಅಡ್ಡಹೆಜ್ಜೆಗಳಲ್ಲಿ ಮೇಲಕ್ಕೆ ಮರಳಿತ್ತು.