ಮಳೆಗಾಲದಲ್ಲೂ ವಾಸನೆ ಬಾರದ ಕಸ: ಬೇಸಿಗೆಯಲ್ಲೇ ಶುರು ಮಾಡುವುದು ಹೇಗೆ?

ಚಿಕ್ಕಮಗಳೂರಿನಲ್ಲಿ ಮನೆ ಗೊಬ್ಬರ ಮಾಡಲು ಹೊರಟವರು ಬಹಳ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರು ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಕೈಬಿಡುತ್ತಾರೆ. ಬಕೆಟ್ ತುಂಬ ಕೆಸರು, ಹಿತ್ತಲ ತುಂಬ ವಾಸನೆ. ಕಾರಣ ಹೆಚ್ಚಾಗಿ ಒಂದೇ: ಹಸಿ ಕಸದ ನೀರು ಹೀರಲು ಬೇಕಾದ ಒಣ ಎಲೆ ಸಾಲದೆ ಹೋಗಿರುತ್ತದೆ. ಜುಲೈನಲ್ಲಿ ಒಣ ಎಲೆ ಎಲ್ಲಿಂದ ಬರಬೇಕು? ಹಾಗಾಗಿ ಈ ಊರಿನಲ್ಲಿ ಕಸದ ಕೆಲಸ ಶುರುವಾಗಬೇಕಾದದ್ದು ಬೇಸಿಗೆಯಲ್ಲಿ, ಕಾಫಿ ಹೂ ಅರಳಿಸುವ ಹೂಮಳೆ ಬೀಳುವ ಮೊದಲು.

ಮೊದಲು ಎಲೆ ತುಂಬಿಡಿ

ಫೆಬ್ರವರಿ, ಮಾರ್ಚ್‌ನಲ್ಲಿ ರಸ್ತೆ ಬದಿ, ಶಾಲೆಯ ಅಂಗಳ, ತೋಟದ ಅಂಚು ಎಲ್ಲ ಕಡೆ ತರಗೆಲೆ ಬಿದ್ದಿರುತ್ತದೆ. ಎಷ್ಟೋ ಕಡೆ ಗುಡ್ಡೆ ಹಾಕಿ ಬೆಂಕಿ ಕೊಡುತ್ತಾರೆ. ಅದನ್ನೇ ಗೋಣಿಚೀಲದಲ್ಲಿ ತುಂಬಿಸಿಕೊಳ್ಳಿ. ಕಾಫಿ ಊರಿನಲ್ಲಿ ಹಳೆ ಗೋಣಿಚೀಲಕ್ಕೇನೂ ಬರ ಇಲ್ಲ. ನಾಲ್ಕು ಜನರ ಮನೆಗೆ ಮಳೆಗಾಲ ಕಳೆಯಲು ಏಳೆಂಟು ಚೀಲವಾದರೂ ಇರಲಿ. ಸಿಲ್ವರ್ ಓಕ್ ಎಲೆ ನಿಧಾನವಾಗಿ ಕೊಳೆಯುತ್ತದೆ, ಕೈಯಲ್ಲಿ ಪುಡಿ ಮಾಡಿ ಹಾಕಿ. ಮಾವು, ಹಲಸು, ಹೊಂಗೆ ಎಲ್ಲವೂ ಆದೀತು. ಎಲೆ ಸಿಗದಿದ್ದರೆ ಮರದ ಮಿಲ್ಲಿನ ಹೊಟ್ಟು ಅಥವಾ ತೆಂಗಿನ ನಾರಿನ ಪುಡಿ. ಚೀಲಗಳನ್ನು ನೆಲಕ್ಕೆ ತಾಗದಂತೆ, ಎರಚಲು ಹೊಡೆಯದ ಕಡೆ ಇಡಿ.

ಮಳೆ ಕಡಿಮೆ ಬೀಳುವ ಕಡೂರಿನ ಕಡೆಯವರಿಗೆ ಈ ತೊಂದರೆ ಕಡಿಮೆ. ಅಲ್ಲಿ ಗೊಬ್ಬರ ಒಣಗಿಯೇ ನಿಲ್ಲುತ್ತದೆ, ಆಗಾಗ ನೀರು ಚಿಮುಕಿಸಬೇಕು. ಮೂಡಿಗೆರೆ, ಕೊಪ್ಪ, ಶೃಂಗೇರಿಯಲ್ಲಾದರೆ ಹೇಳಿದ್ದಕ್ಕಿಂತ ಇನ್ನೂ ನಾಲ್ಕು ಚೀಲ ಜಾಸ್ತಿಯೇ ಇರಲಿ.

ಬಕೆಟ್ ಸಿದ್ಧ ಮಾಡುವುದು

ಶುರುವಿಗೆ ಹಳೆಯ ಇಪ್ಪತ್ತು ಲೀಟರಿನ ಎರಡು ಬಕೆಟ್ ಸಾಕು. ಮುಚ್ಚಳ ಬೇಕು. ಸುತ್ತಲೂ ಗೇಣಿಗೊಂದರಂತೆ ತೂತು, ತಳದಲ್ಲಿ ಐದಾರು ತೂತು. ಎರಡು ಇಟ್ಟಿಗೆ ಮೇಲೆ ಕೂರಿಸಿ, ಕೆಳಗೊಂದು ಹಳೆ ತಟ್ಟೆ ಇಡಿ. ತಳಕ್ಕೆ ಎರಡು ಇಂಚು ತೆಂಗಿನ ನಾರು, ಅದರ ಮೇಲೆ ಒಣ ಎಲೆ, ಮೇಲೆ ಒಂದು ಹಿಡಿ ಸಗಣಿ ಅಥವಾ ಹುಳಿ ಮಜ್ಜಿಗೆ. ಹಳೆಯ ಗೊಬ್ಬರ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ದಿನದ ತರಕಾರಿ ಸಿಪ್ಪೆ, ಹೂವು, ಬಾಳೆ ಎಲೆ, ಕಾಫಿ ಚರಟ ಎಲ್ಲ ಇದಕ್ಕೆ ಹೋಗಲಿ. ದೊಡ್ಡದನ್ನು ಕತ್ತರಿಸಿ. ಸಾಂಬಾರು, ಸಾರು ಉಳಿದರೆ ನೀರು ಬಸಿದು ಹಾಕಿ. ಪ್ರತಿ ಸಲವೂ ಮೇಲೆ ಎಲೆ ಮುಚ್ಚಬೇಕು. ಬೇಸಿಗೆಯಲ್ಲಿ ಒಂದು ಪಾಲು ಕಸಕ್ಕೆ ಒಂದು ಪಾಲು ಎಲೆ, ಮಳೆಗಾಲದಲ್ಲಿ ಎರಡು ಪಾಲು. ಈ ಎರಡನೇ ಪಾಲಿನಲ್ಲೇ ಸೋಲು ಗೆಲುವು ಇರುವುದು. ಮೂರು ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ತಿರುವಿ ಹಾಕಿ. ಗಾಳಿಯಾಡದೆ ಕೊಳೆತರೆ ನಾರುತ್ತದೆ, ಗಾಳಿಯಾಡಿದರೆ ಬಿಸಿಯೇರಿ ಗೊಬ್ಬರವಾಗುತ್ತದೆ.

ಹದ ನೋಡುವುದು ಸುಲಭ. ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ನೀರು ತೊಟ್ಟಿಕ್ಕಿದರೆ ಎಲೆ ಹಾಕಿ. ಕೈ ಬರೀ ತೇವ ಆದರೆ ಸರಿ ಇದೆ. ಇರುವೆ ಮುತ್ತಿದರೆ ಒಣಗಿದೆ ಎಂದರ್ಥ. ಬಿಳಿ, ಕಂದು ಹುಳ ಕಂಡರೆ ಹೆದರಬೇಡಿ. ಅವು ಕಸ ತಿನ್ನುವ ಹುಳಗಳೇ. ಕಣ್ಣಿಗೆ ಹಿಡಿಸದಿದ್ದರೆ ಇನ್ನೊಂದಿಷ್ಟು ಎಲೆ ಹಾಕಿ ಮುಚ್ಚಿ.

ಒಂದು ಬಕೆಟ್ ತುಂಬಿದ ಮೇಲೆ ಪಕ್ಕಕ್ಕಿಟ್ಟು ಇನ್ನೊಂದನ್ನು ಶುರು ಮಾಡಿ. ಬೇಸಿಗೆಯಲ್ಲಿ ಒಂದೂವರೆ ಎರಡು ತಿಂಗಳಿಗೆ ಗೊಬ್ಬರ ಸಿಗುತ್ತದೆ. ಜಡಿಮಳೆಯಲ್ಲಿ ಮೂರು ತಿಂಗಳೂ ಹಿಡಿಯಬಹುದು, ಆಗ ಮೂರನೇ ಬಕೆಟ್ ಬೇಕಾಗುತ್ತದೆ. ಕಪ್ಪಗಾಗಿ ಮಣ್ಣಿನ ವಾಸನೆ ಬಂದರೆ ಆಯಿತು. ಜರಡಿ ಹಿಡಿದು, ಉಳಿದದ್ದನ್ನು ಮತ್ತೆ ಬಕೆಟ್ಟಿಗೇ ಹಾಕಿ.

ಹಿತ್ತಲಿದ್ದವರು ಗುಂಡಿ ತೋಡುತ್ತಾರೆ. ನಮ್ಮ ಮಳೆಗೆ ಗುಂಡಿ ನೀರಿನ ಹೊಂಡವಾಗುತ್ತದೆ. ಬದಲಿಗೆ ನೆಲದ ಮೇಲೇ ಇಟ್ಟಿಗೆಯನ್ನು ಸಂದು ಬಿಟ್ಟು ಜೋಡಿಸಿ, ಮೇಲೊಂದು ತಗಡು ಹೊದಿಸಿ. ಮೀನು, ಮಾಂಸದ ಕಸ ಬಕೆಟ್ಟಿಗೆ ಬೇಡ, ಇಲಿ, ನಾಯಿ ಬರುತ್ತವೆ. ಸಿಪ್ಪೆಯನ್ನು ಪಕ್ಕದ ಮನೆಯ ಹಸುವಿಗೆ ಕೊಡುವವರು ಪಾತ್ರೆಯಲ್ಲೇ ಕೊಡಿ. ಕವರಿನಲ್ಲಿ ಕಟ್ಟಿ ಇಟ್ಟರೆ ಹಸು ಕವರನ್ನೂ ನುಂಗುತ್ತದೆ.

ಒಣ ಕಸ ಒಣಗಿಯೇ ಇರಲಿ

ಹಸಿ ಕಸ ಹೊರಗೆ ಹೋಗದಿದ್ದರೆ ಉಳಿದದ್ದು ತೀರಾ ಸುಲಭ. ಮನೆಯ ಕಸದಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಜಾಸ್ತಿ ಹಸಿಯದೇ ತೂಕ. ಸಾಂಬಾರು ತಾಗಿದ ಪೇಪರನ್ನು ಗುಜರಿಯವರು ಮುಟ್ಟುವುದಿಲ್ಲ, ತಾಗದ ಪೇಪರಿಗೆ ದುಡ್ಡು ಕೊಡುತ್ತಾರೆ. ಪೇಪರು, ರಟ್ಟು, ಗಾಜು, ಕಬ್ಬಿಣ, ನೀರಿನ ಬಾಟಲಿ ಗುಜರಿಗೆ ಹೋಗಲಿ. ಹಾಲಿನ ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ಚೂರು ಬೇರ್ಪಡದಂತೆ ಬಿಡಿ. ಆ ಚೂರನ್ನು ಯಾರೂ ಆಯುವುದಿಲ್ಲ, ಚರಂಡಿ ಸೇರುತ್ತದೆ. ಪ್ಯಾಕೆಟ್ಟನ್ನು ತೊಳೆದು, ಒಣಗಿಸಿ ಕಟ್ಟಿಡಿ. ಚಿಪ್ಸ್, ಬಿಸ್ಕತ್ತಿನ ಹೊಳೆಯುವ ಪ್ಯಾಕೆಟ್‌ಗಳನ್ನು ಗುಜರಿಯವರು ಕೊಳ್ಳುವುದಿಲ್ಲ. ಅವನ್ನು ಬೇರೆ ಚೀಲದಲ್ಲಿಟ್ಟು ನಗರಸಭೆ ಗಾಡಿಗೆ ಕೊಡಬೇಕು. ಹಳ್ಳಿಯಲ್ಲಾದರೆ ಪಂಚಾಯಿತಿಯ ಸ್ವಚ್ಛ ವಾಹಿನಿಗೆ.

2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಎಂದು ಮೂರು ಭಾಗ ಮಾಡಲು ಹೇಳಿದವು. ಎತ್ತುವವರ ಕೈಗೆ ಅಪಾಯ ತರುವ ಕಸದಲ್ಲೇ ನಾವು ತೀರಾ ಅಸಡ್ಡೆ ತೋರುತ್ತೇವೆ. ಸಕ್ಕರೆ ಕಾಯಿಲೆಯ ಸೂಜಿಗಳನ್ನು ಗಟ್ಟಿ ಬಾಟಲಿಗೆ ಹಾಕಿ ಮುಚ್ಚಿ. ಒಡೆದ ಗಾಜು ರಟ್ಟಿನೊಳಗೆ ಇರಲಿ. ಪ್ಯಾಡ್, ಡೈಪರನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಟ್ಯೂಬ್‌ಲೈಟಿನಲ್ಲಿ ಪಾದರಸ ಇರುತ್ತದೆ, ಒಡೆಯದೆ ಬೇರೆಯಾಗಿ ಕೊಡಿ. ಇದನ್ನೆಲ್ಲ ಕೊನೆಗೆ ಕೈಯಲ್ಲಿ ಎತ್ತುವುದು ಪೌರಕಾರ್ಮಿಕರು. ಬೆಳಿಗ್ಗೆ ಗಾಡಿಯ ಜೊತೆ ಬರುವ ಅಕ್ಕನ ಕೈಗೆ ಗಾಜು ಚುಚ್ಚಿದರೆ ಆ ತಪ್ಪು ಕಟ್ಟಿಕೊಟ್ಟ ಮನೆಯವರದು.

ಹಂಡೆ ಒಲೆಗೆ ಪ್ಲಾಸ್ಟಿಕ್ ಹಾಕಬೇಡಿ

ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಮಲೆನಾಡಿನ ಬಹಳ ಮನೆಗಳಲ್ಲಿ ಸ್ನಾನದ ನೀರಿಗೆ ಈಗಲೂ ಸೌದೆ ಒಲೆ. ಸೌದೆ ಒದ್ದೆಯಾಗಿದ್ದಾಗ ಬೆಂಕಿ ಹತ್ತಿಸಲು ಕೈಗೆ ಮೊದಲು ಸಿಗುವುದು ಕವರು. ಅದರ ಹೊಗೆ ಬಚ್ಚಲಿನಲ್ಲೇ ಸುತ್ತುತ್ತದೆ, ಒಲೆ ಮುಂದೆ ಕೂತ ಅಜ್ಜಿ, ಮಕ್ಕಳು ಅದನ್ನೇ ಉಸಿರಾಡುತ್ತಾರೆ. ಪೈಪು ಮಾಡುವ ಪಿವಿಸಿಯಂಥ ಪ್ಲಾಸ್ಟಿಕ್ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಕ್ಯಾನ್ಸರಿಗೂ ಕಾರಣವಾಗಬಲ್ಲದು. ಆ ಬೂದಿಯನ್ನೇ ಮತ್ತೆ ಸೊಪ್ಪಿನ ಮಡಿಗೆ ಹಾಕುತ್ತೇವೆ, ಪಾತ್ರೆಯನ್ನೂ ಉಜ್ಜುತ್ತೇವೆ. ಬೆಂಕಿ ಹತ್ತಿಸಲು ತೆಂಗಿನ ಗರಿ, ಒಣ ಅಡಿಕೆ ಸಿಪ್ಪೆ, ತೆಂಗಿನ ಚಿಪ್ಪು ಬೇಸಿಗೆಯಲ್ಲೇ ಕೂಡಿಡಿ. ಎಲೆ ಚೀಲದ ಪಕ್ಕದಲ್ಲೇ ಇದಕ್ಕೂ ಒಂದು ಚೀಲ.

ಚರಂಡಿಗೆ ಎಸೆದರೂ ಅಷ್ಟೇ, ಅದು ಹೊಳೆ ಸೇರುತ್ತದೆ. ಯಗಚಿ ನದಿ ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟಿ, ಬೇಲೂರಿನ ಅಣೆಕಟ್ಟೆಯಲ್ಲಿ ನಿಂತು, ಮುಂದೆ ಹೇಮಾವತಿ ಸೇರುತ್ತದೆ. ನಮ್ಮ ನಲ್ಲಿಗೂ ಯಗಚಿಯ ನೀರು ಬರುತ್ತದೆ.

ಮನೆಗೆ ತರುವಾಗಲೇ ಕಡಿಮೆ ಮಾಡಿ

ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಕವರು ನಿಷೇಧಿಸಿತು. 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ದೇಶವೆಲ್ಲ ನಿಷೇಧವಿದೆ. ಆದರೂ ಸಂತೆಯಲ್ಲಿ ಕವರು ಸಿಗುತ್ತಲೇ ಇದೆ, ಅಲ್ವಾ? ಸ್ಕೂಟರಿನ ಡಿಕ್ಕಿಯಲ್ಲಿ ಎರಡು ಬಟ್ಟೆ ಚೀಲ, ಮೀನು ತರುವ ದಿನ ಒಂದು ಸ್ಟೀಲ್ ಡಬ್ಬ. ಇಷ್ಟಕ್ಕೇ ಮನೆಗೆ ಬರುವ ಕವರು ಬಹಳ ಕಡಿಮೆಯಾಗುತ್ತದೆ.

ಬೀದಿಯವರೆಲ್ಲ ಸೇರಿದರೆ

ಒಬ್ಬರ ಮನೆಯ ಹಾಲಿನ ಪ್ಯಾಕೆಟ್ಟಿಗಾಗಿ ಗುಜರಿಯವರು ಬರುವುದಿಲ್ಲ. ಹತ್ತು ಮನೆಯವರು ತಿಂಗಳಿಗೊಂದು ಭಾನುವಾರ ಗೊತ್ತು ಮಾಡಿ ಕರೆದರೆ ಬರುತ್ತಾರೆ. ಬಂದ ದುಡ್ಡಿನಲ್ಲಿ ಬೀದಿಗೆ ಅಂತ ನೂರು ಸ್ಟೀಲ್ ತಟ್ಟೆ, ನೂರು ಲೋಟ ಕೂಡಿಸುತ್ತಾ ಹೋಗಿ. ನಾಮಕರಣ, ಗೃಹಪ್ರವೇಶ, ಗಣಪತಿ ಹಬ್ಬಕ್ಕೆ ಅದೇ ಬಳಸಬಹುದು. ಪೇಪರ್ ಲೋಟದೊಳಗೂ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಅದು ಗೊಬ್ಬರವೂ ಆಗುವುದಿಲ್ಲ, ಗುಜರಿಗೂ ಹೋಗುವುದಿಲ್ಲ. ಊಟಕ್ಕೆ ಬಾಳೆ ಎಲೆ, ಅಡಿಕೆ ಹಾಳೆ ತಟ್ಟೆ ಹೇಗೂ ಇವೆ. ಪಾತ್ರೆಗಳನ್ನು ಸ್ತ್ರೀಶಕ್ತಿ ಸಂಘದವರ ಹತ್ತಿರ ಬಿಟ್ಟರೆ ಒಳ್ಳೆಯದು, ಲೆಕ್ಕ ಸರಿಯಾಗಿರುತ್ತದೆ. ತೊಳೆಯುವವರಿಗೆ ಕೂಲಿ ಎಷ್ಟು, ಒಂದು ಲೋಟ ಕಳೆದರೆ ಎಷ್ಟು ಕಟ್ಟಬೇಕು, ಇವೆರಡನ್ನೂ ಮೊದಲೇ ಮಾತಾಡಿ ಪುಸ್ತಕದಲ್ಲಿ ಬರೆದಿಡಿ.