ಗುತ್ತಿಗೆ ಕೆಲಸಕ್ಕೆ ಸ್ವಂತ ಹೆಸರೋ, ಪ್ರೈವೇಟ್ ಲಿಮಿಟೆಡ್ ಕಂಪನಿಯೋ? ನಿರ್ಧರಿಸುವುದು ಹೀಗೆ

ಹತ್ತಾರು ವರ್ಷ ಮೇಸ್ತ್ರಿಯಾಗಿ ದುಡಿದು, ಗಾರೆಯವರನ್ನೂ ಬಾರ್ ಬೆಂಡಿಂಗ್ ಮತ್ತು ಸೆಂಟ್ರಿಂಗ್ ಕೆಲಸದವರನ್ನೂ ಕಟ್ಟಿಕೊಂಡು ಸ್ವತಂತ್ರವಾಗಿ ಮನೆ ಕಟ್ಟಿಕೊಡಲು ಹೊರಟ ಎಷ್ಟೋ ಮಂದಿ, ಕೆಲಸದ ಲೆಕ್ಕ ಒಂದು ಹದಕ್ಕೆ ಬರುವ ಮೊದಲೇ ಪ್ರೈವೇಟ್ ಲಿಮಿಟೆಡ್ ಕಂಪನಿ ನೋಂದಾಯಿಸಿಬಿಡುತ್ತಾರೆ. ಎರಡು ವರ್ಷ ಕಳೆಯುವಷ್ಟರಲ್ಲಿ ಸಲ್ಲಿಸದೆ ಉಳಿದ ವಾರ್ಷಿಕ ವಿವರಗಳ ದಂಡದ ಪಟ್ಟಿ ಹಿಡಿದು ಆಡಿಟರ್ ಕಚೇರಿಯ ಬಾಗಿಲಲ್ಲಿ ಕುಳಿತಿರುತ್ತಾರೆ. ಇನ್ನು ಕೆಲವರು ವಹಿವಾಟು ನಾಲ್ಕೈದು ಕೋಟಿ ದಾಟಿದರೂ ಉಳಿತಾಯ ಖಾತೆಯಲ್ಲೇ ಹಣ ಓಡಾಡಿಸುತ್ತ, ಒಂದು ಅಪಘಾತಕ್ಕೆ ಮನೆಯನ್ನೇ ಮಾರುವ ಸ್ಥಿತಿಗೆ ಬರುತ್ತಾರೆ. ಕಟ್ಟಡ ಕಂಟ್ರ್ಯಾಕ್ಟರ್, ಪ್ಲಂಬರ್, ಎಲೆಕ್ಟ್ರಿಷಿಯನ್, ಪೇಂಟಿಂಗ್ ಗುತ್ತಿಗೆದಾರ ಯಾರೇ ಆಗಲಿ, ಈ ಆಯ್ಕೆಯನ್ನು ಕೆಳಗಿನ ಕ್ರಮದಲ್ಲಿ ಮಾಡಬೇಕು. ಇಲ್ಲಿ ಕೊಟ್ಟಿರುವ ತೆರಿಗೆ ದರಗಳು 2025–26ರ ಹಣಕಾಸು ವರ್ಷದವು.

ಮೊದಲ ಹೆಜ್ಜೆ: ಕಾಗದಪತ್ರ ಸರಿಪಡಿಸಿಕೊಳ್ಳಿ

ಸ್ವಂತ ಹೆಸರಿನ ವ್ಯವಹಾರಕ್ಕೆ, ಅಂದರೆ ಪ್ರೊಪ್ರೈಟರ್‌ಶಿಪ್‌ಗೆ, ಪ್ರತ್ಯೇಕ ಜನ್ಮಪತ್ರವೇನೂ ಇಲ್ಲ. ನಿಮ್ಮ ಪ್ಯಾನ್ ಕಾರ್ಡೇ ಅದರ ಪ್ಯಾನ್. ಸಣ್ಣ ಉದ್ದಿಮೆಗಳಿಗಾಗಿ ಇರುವ ಉದ್ಯಮ್ ನೋಂದಣಿ ಮಾಡಿಸಿ, ಅದರ ಪ್ರಮಾಣಪತ್ರದ ಜೊತೆ ಬ್ಯಾಂಕ್ ಕೇಳುವ ಇತರ ದಾಖಲೆ ಕೊಟ್ಟು ಒಂದು ಕರೆಂಟ್ ಅಕೌಂಟ್ ತೆರೆಯಿರಿ. ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಉದ್ಯಮ್ ನೋಂದಣಿಗೆ ಒಂದು ರೂಪಾಯಿಯೂ ಶುಲ್ಕವಿಲ್ಲ. ಸರ್ಕಾರಿ ಜಾಲತಾಣದಂತೆಯೇ ಬಣ್ಣ ಬಳಿದುಕೊಂಡು ಸಾವಿರ, ಎರಡು ಸಾವಿರ ಕೀಳುವ ಖಾಸಗಿ ತಾಣಗಳು ಹುಡುಕಾಟದಲ್ಲಿ ಮೊದಲು ಕಾಣಿಸುತ್ತವೆ. ಹಣ ಕೇಳಿದ ಕೂಡಲೇ ಅದನ್ನು ಮುಚ್ಚಿಬಿಡಿ.

ಎರಡನೆಯ ಹೆಜ್ಜೆ: ಜಿಎಸ್‌ಟಿಯನ್ನು ಈ ಚರ್ಚೆಯಿಂದ ಹೊರಗಿಡಿ

ಕಂಪನಿ ಮಾಡಿದರೆ ಜಿಎಸ್‌ಟಿ ಕಡಿಮೆಯಾಗುತ್ತದೆ ಎಂಬ ಮಾತು ಸುಳ್ಳು. ಸೇವೆಗಳಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವ ವಾರ್ಷಿಕ 20 ಲಕ್ಷ ರೂಪಾಯಿ ವಹಿವಾಟಿನ ಮಿತಿ ಪ್ರೊಪ್ರೈಟರ್, ಕಂಪನಿ ಇಬ್ಬರಿಗೂ ಒಂದೇ. ಸಾಮಗ್ರಿ ಸಮೇತ ಗುತ್ತಿಗೆಗೆ ಸಾಮಾನ್ಯವಾಗಿ ಇರುವ ಶೇ 18ರ ದರವೂ ಒಂದೇ. ಯಾವುದೇ ವಸತಿ ಸಮುಚ್ಚಯಕ್ಕೆ ಸೇರದ ಒಂಟಿ ಮನೆಗೆ ಬರೀ ಕೂಲಿ ಗುತ್ತಿಗೆ ಮಾಡಿದರೆ ಇರುವ ವಿನಾಯಿತಿಯೂ ಇಬ್ಬರಿಗೂ ಸಿಗುತ್ತದೆ.

ಮೂರನೆಯ ಹೆಜ್ಜೆ: ಹೊಣೆ ಯಾರ ತಲೆಗೆ ಬರುತ್ತದೆ ಎಂದು ಬರೆದು ನೋಡಿ

ಕಂಪನಿ ಎಂದರೆ ಕಾನೂನಿನ ಕಣ್ಣಿಗೆ ಬೇರೆಯೇ ವ್ಯಕ್ತಿ. ಸಿಮೆಂಟ್ ಅಂಗಡಿಯ ಬಾಕಿ, ಮನೆ ಮಾಲೀಕ ಹೂಡಿದ ನಷ್ಟ ಪರಿಹಾರದ ದಾವೆ ಇಂಥವೆಲ್ಲ ಕಂಪನಿಯ ಆಸ್ತಿಗೆ ಸೀಮಿತವಾಗುತ್ತವೆ. ಸ್ವಂತ ಹೆಸರಿನ ವ್ಯವಹಾರದಲ್ಲಾದರೆ ನಿಮ್ಮ ಸೈಟು, ಮನೆ, ಬ್ಯಾಂಕಿನಲ್ಲಿಟ್ಟ ಹಣ ಎಲ್ಲವೂ ಆ ಸಾಲಕ್ಕೆ ಈಡಾಗುತ್ತವೆ. ಇಷ್ಟು ಮಾತ್ರ ಹೇಳಿ ಕಂಪನಿ ಮಾಡಿಸುವವರು, ಮುಂದಿನ ಎರಡು ಸಂಗತಿಗಳನ್ನು ಹೇಳದೆ ಬಿಡುತ್ತಾರೆ.

ಮೊದಲನೆಯದಾಗಿ, ಸಣ್ಣ ಕಂಪನಿಗೆ ಓವರ್‌ಡ್ರಾಫ್ಟ್ ಅಥವಾ ಯಂತ್ರದ ಸಾಲ ಕೊಡುವಾಗ ಬ್ಯಾಂಕಿನವರು ನಿರ್ದೇಶಕರ ವೈಯಕ್ತಿಕ ಜಾಮೀನು ಕೇಳುವುದು ವಾಡಿಕೆ. ಕಬ್ಬಿಣದ ಸಗಟು ವ್ಯಾಪಾರಿಯೂ ನಿಮ್ಮ ಸ್ವಂತ ಖಾತೆಯ ಚೆಕ್ಕನ್ನೇ ಕೇಳಬಹುದು. ಅದಕ್ಕೆ ಸಹಿ ಹಾಕಿದ ಮೇಲೆ, ಆ ಸಾಲದ ಮಟ್ಟಿಗೆ ‘ಲಿಮಿಟೆಡ್’ ಎಂಬ ಪದ ಉಳಿಯುವುದು ಬೋರ್ಡಿನ ಮೇಲೆ ಮಾತ್ರ. ಎರಡನೆಯದಾಗಿ, ಸಾರ್ವೆ ಕುಸಿದು ಕೆಲಸಗಾರನೊಬ್ಬ ಸತ್ತರೆ ನಿರ್ಲಕ್ಷ್ಯದ ಸಾವಿನ ಪ್ರಕರಣ ಸ್ಥಳದಲ್ಲಿ ನಿಂತು ಕೆಲಸ ಮಾಡಿಸಿದವನ ಮೇಲೆ ದಾಖಲಾಗುತ್ತದೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಇದಕ್ಕೆ ಐದು ವರ್ಷದವರೆಗೆ ಸೆರೆವಾಸವಿದೆ. ಕಂಪನಿಯ ಮೊಹರು ಅಲ್ಲಿ ಅಡ್ಡ ಬರುವುದಿಲ್ಲ.

ಆದ್ದರಿಂದ ನೀವು ಯಾವ ರೂಪವನ್ನೇ ಆರಿಸಿ, ಮೊದಲು ಕೆಲಸಗಾರರ ಪರಿಹಾರ ವಿಮೆ ಮಾಡಿಸಿ. ಮೂರು ನಾಲ್ಕು ಮಹಡಿಯ ಕಟ್ಟಡವಾದರೆ ಗುತ್ತಿಗೆದಾರರ ಸರ್ವ ಅಪಾಯ ವಿಮೆಯನ್ನೂ ತೆಗೆದುಕೊಳ್ಳಿ. ಕೆಲಸಗಾರರನ್ನು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಲು ಬೇಕಾದ 90 ದಿನಗಳ ಕೆಲಸದ ದೃಢೀಕರಣವನ್ನು ಕೇಳಿದ ದಿನವೇ ಬರೆದುಕೊಡಿ. ವಿಮೆಗೆ ಕೊಡಲು ಮನಸ್ಸಿಲ್ಲದೆ, ಅದೇ ಹಣವನ್ನು ಕಂಪನಿ ನೋಂದಣಿಗೆ ಸುರಿದು ರಕ್ಷಣೆ ಸಿಕ್ಕಿತೆಂದು ನಂಬುವುದು ಈ ವೃತ್ತಿಯಲ್ಲಿ ನಾನು ಕಂಡ ಅತಿ ಅಪಾಯದ ತಪ್ಪು.

ನಾಲ್ಕನೆಯ ಹೆಜ್ಜೆ: ತೆರಿಗೆಯ ಲೆಕ್ಕ, ಬಟವಾಡೆಯ ಲೆಕ್ಕ

ಎಡವುವುದು ಇಲ್ಲೇ, ಆದ್ದರಿಂದ ಕಾಗದ, ಪೆನ್ನು ಹಿಡಿದು ಕೂರಬೇಕು. ಕಂಪನಿಗೆ ಶೇ 22, ವ್ಯಕ್ತಿಗೆ ಶೇ 30 ಎಂದು ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಜಾಹೀರಾತುಗಳಿವೆ. ಆ ಶೇ 22ಕ್ಕೆ ಸರ್‌ಚಾರ್ಜ್ ಮತ್ತು ಸೆಸ್ ಸೇರಿ ಶೇ 25.168 ಆಗುತ್ತದೆ, ಮತ್ತು ಅದು ಲಾಭದ ಮೊದಲ ರೂಪಾಯಿಯಿಂದಲೇ ಅನ್ವಯಿಸುತ್ತದೆ. ವ್ಯಕ್ತಿಗೆ ಶೇ 30 ಬರುವುದು ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 24 ಲಕ್ಷ ರೂಪಾಯಿ ದಾಟಿದ ಆದಾಯದ ಮೇಲೆ ಮಾತ್ರ. 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿಯ ಕಾರಣ ತೆರಿಗೆಯೇ ಇಲ್ಲ.

ವರ್ಷದ ವಹಿವಾಟು 1 ಕೋಟಿ 20 ಲಕ್ಷ, ನಿಜವಾದ ಲಾಭ 11 ಲಕ್ಷ ಎಂದಿಟ್ಟುಕೊಳ್ಳಿ. ಸ್ವಂತ ಹೆಸರಿನಲ್ಲಿ, ಬೇರೆ ಆದಾಯವಿಲ್ಲದಿದ್ದರೆ, ತೆರಿಗೆ ಶೂನ್ಯ. ಕಂಪನಿಯಲ್ಲಿ ಅದೇ 11 ಲಕ್ಷಕ್ಕೆ 2,76,848 ರೂಪಾಯಿ. ನಿರ್ದೇಶಕರಾಗಿ ನೀವು 9 ಲಕ್ಷ ಸಂಬಳ ತೆಗೆದುಕೊಂಡರೆ ಉಳಿದ 2 ಲಕ್ಷಕ್ಕೆ 50,336 ರೂಪಾಯಿಗೆ ಇಳಿಯುತ್ತದೆ, ನಿಜ. ಆದರೆ ಆ ಸಂಬಳ ತಿಂಗಳು ತಿಂಗಳು ಬ್ಯಾಂಕಿನ ಮೂಲಕ ಬಂದಿರಬೇಕು, ಮಾರ್ಚ್ ಕೊನೆಯಲ್ಲಿ ಕಾಗದದ ಮೇಲೆ ಹುಟ್ಟಬಾರದು.

ಇನ್ನೊಂದು ತುದಿಯ ಲೆಕ್ಕವನ್ನೂ ನೋಡಿ. ವಹಿವಾಟು 4 ಕೋಟಿ, ಲಾಭ 40 ಲಕ್ಷ ಆದರೆ ಸ್ವಂತ ಹೆಸರಿನಲ್ಲಿ ತೆರಿಗೆ 8,11,200 ರೂಪಾಯಿ. ಕಂಪನಿಯಲ್ಲಿ 12.75 ಲಕ್ಷ ಸಂಬಳ ತೆಗೆದು (75,000 ರೂಪಾಯಿಯ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಅದಕ್ಕೆ ತೆರಿಗೆಯಿಲ್ಲ) ಉಳಿದ 27.25 ಲಕ್ಷಕ್ಕೆ 6,85,828 ರೂಪಾಯಿ. ಒಂದೂಕಾಲು ಲಕ್ಷ ಉಳಿಯಿತು. ಆದರೆ ಈ ಉಳಿತಾಯ, ಮಿಕ್ಕ ಲಾಭ ಕಂಪನಿಯಲ್ಲೇ ಇದ್ದು ಮಿಕ್ಸರ್‌ಗೋ ಸೆಂಟ್ರಿಂಗ್ ಶೀಟಿಗೋ ಮುಂದಿನ ಕೆಲಸದ ಬಂಡವಾಳಕ್ಕೋ ಬಳಕೆಯಾದರೆ ಮಾತ್ರ. ಡಿವಿಡೆಂಡ್ (ಷೇರುದಾರರಿಗೆ ಹಂಚುವ ಲಾಭಾಂಶ) ಎಂದು ಮನೆಗೆ ತಂದರೆ ನಿಮ್ಮ ಕೈಯಲ್ಲಿ ಮತ್ತೊಮ್ಮೆ ತೆರಿಗೆ ಬಿದ್ದು, ಒಟ್ಟು ಹೊರೆ ಸ್ವಂತ ಹೆಸರಿನದ್ದಕ್ಕಿಂತ ಹೆಚ್ಚಾಗುತ್ತದೆ.

ಈಗ ಬಟವಾಡೆಯ ವಿಚಾರ. ಎಲ್ಲರೂ 44ಎಡಿ ಎಂಬ ಹಳೆಯ ಸೆಕ್ಷನ್ ಸಂಖ್ಯೆಯಿಂದಲೇ ಕರೆಯುವ ಅಂದಾಜು ಲಾಭದ ಪದ್ಧತಿಯಲ್ಲಿ, ವಹಿವಾಟು 2 ಕೋಟಿಯೊಳಗಿದ್ದರೆ (ನಗದು ಜಮೆ ಶೇ 5 ಮೀರದಿದ್ದರೆ 3 ಕೋಟಿವರೆಗೆ) ಬ್ಯಾಂಕಿನ ಮೂಲಕ ಬಂದ ಹಣಕ್ಕೆ ಕನಿಷ್ಠ ಶೇ 6, ನಗದಿಗೆ ಶೇ 8 ಲಾಭ ಎಂದು ತೋರಿಸಿದರೆ ಸಾಕು. ಪ್ರತಿ ಖರ್ಚಿನ ರಸೀದಿ ಇಡಬೇಕಾಗಿಲ್ಲ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಹೆಚ್ಚನ್ನೇ ತೋರಿಸಬೇಕು. ಒಮ್ಮೆ ಸೇರಿದವರು ಐದು ವರ್ಷದೊಳಗೆ ಬಿಟ್ಟರೆ ಮುಂದಿನ ಐದು ವರ್ಷ ಮತ್ತೆ ಬರುವಂತಿಲ್ಲ. ಈ ಅನುಕೂಲ ವ್ಯಕ್ತಿಗೂ ಪಾಲುದಾರಿಕೆ ಸಂಸ್ಥೆಗೂ ಉಂಟು. ಕಂಪನಿಗೂ ಎಲ್‌ಎಲ್‌ಪಿಗೂ (ಸೀಮಿತ ಹೊಣೆಯ ಪಾಲುದಾರಿಕೆಗೂ) ಇಲ್ಲ.

ಅಂದರೆ ಕಂಪನಿಯಾದ ದಿನದಿಂದ ಶನಿವಾರದ ಬಟವಾಡೆಯ ಪ್ರತಿ ರೂಪಾಯಿಗೂ ಕಾಗದ ಬೇಕು. ನಮ್ಮಲ್ಲಿ ನಡೆಯುವುದು ಹೀಗೆ: ವಾರದ ಕೊನೆಗೆ ಗ್ಯಾಂಗಿನ ಮೇಸ್ತ್ರಿ ಬಂದು 60,000 ರೂಪಾಯಿ ನಗದು ತೆಗೆದುಕೊಂಡು ಹೋಗುತ್ತಾನೆ, ಆಳುಗಳಿಗೆ ಅವನೇ ಹಂಚುತ್ತಾನೆ. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಅದನ್ನು ಖರ್ಚೆಂದು ಒಪ್ಪುವುದಿಲ್ಲವಾದ್ದರಿಂದ, ಆ 60,000ವೂ ನಿಮ್ಮ ಲಾಭಕ್ಕೆ ಸೇರಿ 15,100 ರೂಪಾಯಿ ತೆರಿಗೆ ಬೀಳುತ್ತದೆ. ಒಂದೇ ವಾರದ ಮಾತು ಇದು. ಮೇಸ್ತ್ರಿ ಉಪಗುತ್ತಿಗೆದಾರನಾಗಿದ್ದು ಒಂದು ಪಾವತಿ 30,000 ಅಥವಾ ವರ್ಷದ ಮೊತ್ತ 1 ಲಕ್ಷ ಮೀರಿದರೆ ಶೇ 1ರಂತೆ ಟಿಡಿಎಸ್ (ಪಾವತಿಸುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯುವುದು ಕಂಪನಿಯ ಕರ್ತವ್ಯ; ಹಿಡಿಯದಿದ್ದರೆ ಆ ಖರ್ಚಿನ ಶೇ 30 ತಿರಸ್ಕೃತವಾಗುತ್ತದೆ. ಹಿಂದಿನ ವರ್ಷದ ವಹಿವಾಟು 1 ಕೋಟಿ ಮೀರದ ಪ್ರೊಪ್ರೈಟರ್‌ಗೆ ಈ ಟಿಡಿಎಸ್ ಹೊಣೆ ಇಲ್ಲ.

ಪರಿಹಾರ ಕಷ್ಟದ್ದಲ್ಲ, ಶಿಸ್ತಿನದ್ದು. ಹಾಜರಿ ಪುಸ್ತಕದಲ್ಲಿ ಪ್ರತಿ ಆಳಿನ ಹೆಸರು, ಆರು ದಿನದ ಹಾಜರಿ, ದಿನಗೂಲಿ, ಮುಂಗಡ ಕಳೆದು ಉಳಿದ ಮೊತ್ತ ಬರೆದು ಅವರ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಇಲ್ಲವೇ ಪ್ರತಿಯೊಬ್ಬರ ಖಾತೆಗೆ ನೇರವಾಗಿ ಯುಪಿಐ ಮಾಡಿ. ನನ್ನ ಆಯ್ಕೆ ಯುಪಿಐ. ಆಳಿಗೂ ತನ್ನ ಕೂಲಿ ಪೂರ್ತಿ ಬಂತೆಂಬ ನಂಬಿಕೆ ಬರುತ್ತದೆ. ಆರು ತಿಂಗಳು ಸ್ವಂತ ಹೆಸರಿನಲ್ಲೇ ಇದನ್ನು ನಡೆಸಿ ನೋಡಿ. ಆಗದಿದ್ದರೆ ಕಂಪನಿಯ ಯೋಚನೆ ಸದ್ಯಕ್ಕೆ ಬಿಡಿ.

ಐದನೆಯ ಹೆಜ್ಜೆ: ವರ್ಷ ವರ್ಷದ ಖರ್ಚು ಸೇರಿಸಿ

ಕಂಪನಿ ಹುಟ್ಟಿಸುವುದು ಅಗ್ಗ: ಅಧಿಕೃತ ಬಂಡವಾಳ 15 ಲಕ್ಷ ಮೀರದಿದ್ದರೆ ಕೇಂದ್ರದ ನೋಂದಣಿ ಶುಲ್ಕವೂ ಇಲ್ಲ, ಮುದ್ರಾಂಕ ಶುಲ್ಕ, ಡಿಜಿಟಲ್ ಸಹಿ ಮತ್ತು ಆಡಿಟರ್ ಶುಲ್ಕ ಅಷ್ಟೆ. ಸಾಕುವುದು ದುಬಾರಿ. ವಹಿವಾಟು ಒಂದು ರೂಪಾಯಿ ಇಲ್ಲದಿದ್ದರೂ ವರ್ಷಕ್ಕೊಮ್ಮೆ ಲೆಕ್ಕ ಪರಿಶೋಧನೆ ಕಡ್ಡಾಯ. ವಾರ್ಷಿಕ ಲೆಕ್ಕಪತ್ರ ಮತ್ತು ವಾರ್ಷಿಕ ವಿವರಣೆ ಎಂಬ ಎರಡು ಅರ್ಜಿಗಳು ತಡವಾದರೆ ಪ್ರತಿ ಅರ್ಜಿಗೆ ದಿನಕ್ಕೆ 100 ರೂಪಾಯಿ, ಮೇಲ್ಮಿತಿ ಇಲ್ಲ. ಎರಡನ್ನೂ ಒಂದು ವರ್ಷ ಮರೆತರೆ 73,000 ರೂಪಾಯಿ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ. ನೋಂದಣಿ ‘ಪ್ಯಾಕೇಜ್’ ಮಾರುವವರು ಈ ಖರ್ಚುಗಳನ್ನು ಹೇಳದಿದ್ದರೆ ಅವರಿಂದ ಕೊಳ್ಳಬೇಡಿ. ಮೊದಲ ವರ್ಷವಲ್ಲ, ಮೂರು ವರ್ಷದ ಒಟ್ಟು ಶುಲ್ಕವನ್ನು ಬರಹದಲ್ಲಿ ಕೇಳಿ ಪಡೆಯಿರಿ.

ಪ್ರೈವೇಟ್ ಲಿಮಿಟೆಡ್‌ಗೆ ಇಬ್ಬರು ನಿರ್ದೇಶಕರು ಬೇಕೆಂದು ಹೆಂಡತಿಯದೋ ತಾಯಿಯದೋ ಸಹಿ ಹಾಕಿಸುವುದು ರೂಢಿ. ವ್ಯವಹಾರದಲ್ಲಿ ನಿಜವಾಗಿ ತೊಡಗದವರನ್ನು ನಿರ್ದೇಶಕರನ್ನಾಗಿ ಮಾಡಬೇಡಿ. ದಂಡ, ಅನರ್ಹತೆ, ಬ್ಯಾಂಕ್ ಜಾಮೀನು ಅವರ ಹೆಸರಿಗೂ ಬರುತ್ತವೆ. ಒಬ್ಬರೇ ಇದ್ದರೆ, ನಾಮಿನಿಯೊಬ್ಬರನ್ನು ಸೂಚಿಸಿ ಏಕವ್ಯಕ್ತಿ ಕಂಪನಿ ಮಾಡಲು 2013ರ ಕಂಪನಿ ಕಾಯ್ದೆಯಲ್ಲೇ ಅವಕಾಶವಿದೆ. ಕಂಪನಿಯ ಹಣ ನಿಮ್ಮ ಜೇಬಿನ ಹಣವಲ್ಲ ಎಂಬುದನ್ನೂ ಮನೆಯವರಿಗೆಲ್ಲ ತಿಳಿಸಿ. ಮಗಳ ಮದುವೆಗೆಂದು ಕಂಪನಿ ಖಾತೆಯಿಂದ 5 ಲಕ್ಷ ತೆಗೆದರೆ ಅದು ನಿರ್ದೇಶಕರಿಗೆ ಕೊಟ್ಟ ಸಾಲವಾಗುತ್ತದೆ. ಕಂಪನಿ ಕಾಯ್ದೆ ಅದನ್ನು ನಿಷೇಧಿಸುತ್ತದೆ, ತೆರಿಗೆ ಕಾಯ್ದೆ ಅದನ್ನು ಡಿವಿಡೆಂಡ್ ಎಂದು ಎಣಿಸಬಲ್ಲದು.

ಆರನೆಯ ಹೆಜ್ಜೆ: ತೀರ್ಮಾನ

ವಹಿವಾಟು 3 ಕೋಟಿಯೊಳಗಿದ್ದು, ಬಿಡಿ ಮನೆಗಳನ್ನೇ ಚದರದ ದರಕ್ಕೆ ಕಟ್ಟುತ್ತಿದ್ದರೆ ಸ್ವಂತ ಹೆಸರೇ ಸರಿ. ಅಣ್ಣತಮ್ಮಂದಿರು ಇಬ್ಬರೂ ದುಡಿಯುತ್ತಿದ್ದರೆ ಒಬ್ಬರ ಹೆಸರಿನಲ್ಲಿ ನಡೆಸದೆ ಪಾಲುದಾರಿಕೆ ಪತ್ರ ಮಾಡಿ ನೋಂದಾಯಿಸಿ. ದೊಡ್ಡ ಬಿಲ್ಡರ್‌ಗಳು ತಾವು ಕಂಪನಿಗಳಿಗಷ್ಟೇ ಕೆಲಸ ಕೊಡುತ್ತೇವೆಂದರೆ, ಹೊರಗಿನವರು ಬಂಡವಾಳ ಹಾಕಲು ಬಂದರೆ, ಲಾಭ ಸತತವಾಗಿ 30–40 ಲಕ್ಷ ದಾಟಿ ಅದನ್ನು ವ್ಯವಹಾರದಲ್ಲೇ ತೊಡಗಿಸುವುದಾದರೆ ಕಂಪನಿ ಮಾಡಿ. ಇನ್ನೊಂದು ಕಾರಣವೂ ಇದೆ, ಅದನ್ನು ಹಗುರವಾಗಿ ಕಾಣಬೇಡಿ: ಪ್ರೊಪ್ರೈಟರ್ ತೀರಿಕೊಂಡರೆ ವ್ಯವಹಾರವೂ ಅಲ್ಲಿಗೇ ನಿಲ್ಲುತ್ತದೆ, ಖಾತೆ ಸ್ಥಗಿತವಾಗುತ್ತದೆ, ಅರ್ಧ ಕಟ್ಟಿದ ಮನೆಗಳ ಮುಂಗಡಕ್ಕೆ ಹೆಂಡತಿ ಮಕ್ಕಳು ಉತ್ತರ ಹೇಳಬೇಕಾಗುತ್ತದೆ. ಕಂಪನಿಯಾದರೆ ಮುಂದುವರಿಯುತ್ತದೆ. ಮಗನೋ ಮಗಳೋ ಈ ಕೆಲಸಕ್ಕೆ ಬರುವವರಿದ್ದರೆ ಇದೊಂದೇ ಕಾರಣ ಸಾಕು.

ಏಳನೆಯ ಹೆಜ್ಜೆ: ಬದಲಾಯಿಸುವುದಾದರೆ

ಕಂಪನಿಗೆ ಹೊಸ ಪ್ಯಾನ್, ಹೊಸ ಜಿಎಸ್‌ಟಿ ಸಂಖ್ಯೆ ಬರುತ್ತದೆ. ಹಳೆಯ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕಟ್ಟಿದ, ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳಬಹುದಾದ ಜಿಎಸ್‌ಟಿ) ತಾನಾಗಿ ಬರುವುದಿಲ್ಲ, ವ್ಯವಹಾರ ವರ್ಗಾವಣೆಯ ಅರ್ಜಿ ಸಲ್ಲಿಸಬೇಕು. ಲೋಕೋಪಯೋಗಿ ಇಲಾಖೆಯ ಗುತ್ತಿಗೆದಾರ ನೋಂದಣಿ, ವಿದ್ಯುತ್ ಗುತ್ತಿಗೆದಾರ ಪರವಾನಗಿ ಪಡೆದವರ ಹೆಸರಿನಲ್ಲೇ ಇರುತ್ತವೆ. ಸರ್ಕಾರಿ ಟೆಂಡರ್‌ಗಳು ಸಾಮಾನ್ಯವಾಗಿ ಕಳೆದ ಐದು ವರ್ಷದ ವಹಿವಾಟು ಮತ್ತು ಮುಗಿಸಿದ ಕೆಲಸದ ಪ್ರಮಾಣಪತ್ರ ಕೇಳುವುದರಿಂದ, ನಿನ್ನೆ ಹುಟ್ಟಿದ ಕಂಪನಿ ನಿಮ್ಮ ಅನುಭವವನ್ನು ತನ್ನದೆಂದು ಹೇಳಿಕೊಳ್ಳಲಾಗದೆ ಹೊರಗುಳಿಯಬಹುದು. ಟೆಂಡರ್ ಕೆಲಸವೇ ಮುಖ್ಯವಾಗಿದ್ದರೆ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯಿರಿ. ಬಿಲ್ಲಿನಲ್ಲಿ ಪ್ರೊಪ್ರೈಟರ್‌ಗೆ ಶೇ 1 ಕಡಿತವಾಗುತ್ತಿದ್ದ ಟಿಡಿಎಸ್ ಕಂಪನಿಗೆ ಶೇ 2 ಆಗುವುದರಿಂದ ಕೈಗೆ ಬರುವ ಹಣವೂ ಸ್ವಲ್ಪ ಇಳಿಯುತ್ತದೆ.

ಬದಲಾವಣೆಗೆ ಏಪ್ರಿಲ್ 1ನ್ನೇ ಇಟ್ಟುಕೊಳ್ಳಿ. ನಡೆಯುತ್ತಿರುವ ಕೆಲಸಗಳನ್ನು ಹಳೆಯ ಹೆಸರಿನಲ್ಲೇ ಮುಗಿಸಿ. ಹೊಸ ಕರಾರುಪತ್ರಗಳನ್ನು ಮಾತ್ರ ಕಂಪನಿಯ ಹೆಸರಿನಲ್ಲಿ ಬರೆಸಿ. ಅರ್ಧ ಕಟ್ಟಿದ ಮನೆಯ ರನ್ನಿಂಗ್ ಬಿಲ್ಲನ್ನು ನಡುವೆ ಕಂಪನಿಗೆ ತಿರುಗಿಸಿದರೆ ಮಾಲೀಕರ ಗೃಹಸಾಲದ ಕಂತು ಬಿಡುಗಡೆಯಲ್ಲೂ ತೊಡಕಾಗಬಹುದು. ಹಳೆಯ ಕೆಲಸಗಳಲ್ಲಿ ಮಾಲೀಕರು ತಡೆಹಿಡಿದ ಭದ್ರತಾ ಹಣ ಹಳೆಯ ಪ್ಯಾನ್‌ಗೇ ಬರಬೇಕಾಗಿರುವುದರಿಂದ, ಕೊನೆಯ ಮನೆಯ ದೋಷ ದುರಸ್ತಿ ಅವಧಿ ಮುಗಿದು ಆ ಹಣ ಜಮೆಯಾಗುವವರೆಗೆ ಹಳೆಯ ಕರೆಂಟ್ ಅಕೌಂಟನ್ನೂ ಜಿಎಸ್‌ಟಿ ನೋಂದಣಿಯನ್ನೂ ಮುಚ್ಚಬೇಡಿ.