ಲೈಬ್ರರಿ ಸಿಗಲಿಲ್ಲ ಅಂದರೆ ಮೊದಲು ಎಪಿಕೆ ಬಿಚ್ಚಿ ನೋಡಿ

ಕೋಲಾರ ಎಪಿಎಂಸಿಯ ಟೊಮೇಟೊ ಮಂಡಿಯೊಂದಕ್ಕೆ ಸಣ್ಣ ಆಂಡ್ರಾಯ್ಡ್ ಆಪ್ ಮಾಡಿಕೊಟ್ಟಿದ್ದೇನೆ. ರೈತರ ಹೆಸರು, 15 ಕೆಜಿ ಬಾಕ್ಸ್ ಎಷ್ಟು, ಹರಾಜಿನ ರೇಟು ಎಷ್ಟು ಅಂತ ಹಾಕಿದರೆ ಬ್ಲೂಟೂತ್ ಪ್ರಿಂಟರಿನಿಂದ ಚೀಟಿ ಬರುತ್ತದೆ. ಲೆಕ್ಕ ಭದ್ರವಾಗಿರಲಿ ಅಂತ ಡೇಟಾಬೇಸಿಗೆ ಬೀಗ ಹಾಕುವ ಎಸ್‌ಕ್ಯೂಎಲ್‌ಸೈಫರ್ ಸೇರಿಸಿ ಹೊಸ ವರ್ಷನ್ ಕೊಟ್ಟೆ. ಬೆಳಗ್ಗೆಯೇ ಮಂಡಿ ರೈಟರ್ ಫೋನು: "ಅಣ್ಣ, ಪ್ರಿಂಟ್ ಒತ್ತಿದ್ರೆ ಆಪೇ ಮುಚ್ಕೊಂಡ್ಬಿಡ್ತದೆ. ನಮ್ ಓನರ್ ಹಳೇ ಫೋನಲ್ಲಿ ಮಾತ್ರ ಬರ್ತೈತೆ."

ಹಳೇ ಫೋನಲ್ಲಿ ಮಾತ್ರ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇತ್ತು. ಫೋನಿನ ಲಾಗ್ ತೋರಿಸುವ ಲಾಗ್‌ಕ್ಯಾಟ್‌ನಲ್ಲಿ ಅನ್‌ಸ್ಯಾಟಿಸ್ಫೈಡ್ ಲಿಂಕ್ ಎರರ್, ಪ್ರಿಂಟರಿನ .ಎಸ್‌ಒ ಫೈಲ್, ಅಂದರೆ ಸಿ++ನಂಥ ಭಾಷೆಯಲ್ಲಿ ಬರೆದು ಕಟ್ಟಿದ ನೇಟಿವ್ ಲೈಬ್ರರಿ, ಸಿಗಲಿಲ್ಲ ಅಂತ. ಇಂಥ ಎರರ್‌ಗೆ ಕ್ಲೀನ್ ಮಾಡಿ, ರೀಬಿಲ್ಡ್ ಮಾಡಿ, ಕ್ಯಾಶ್ ಅಳಿಸಿ ಅಂತ ಹೇಳುವವರು ಬಹಳ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಆಪನ್ನು ಇನ್‌ಸ್ಟಾಲ್ ಮಾಡುವ ಎಪಿಕೆ ಅಂದರೆ ಒಂದು ಜಿಪ್ ಫೈಲ್ ಅಷ್ಟೇ. ಆಂಡ್ರಾಯ್ಡ್ ಸ್ಟುಡಿಯೋದ ಎಪಿಕೆ ಅನಲೈಸರಿನಲ್ಲಿ ತೆರೆದು ಲಿಬ್ ಫೋಲ್ಡರ್ ನೋಡಿದೆ. ಅದರೊಳಗೆ ಪ್ರೊಸೆಸರಿನ ಬಗೆಗೊಂದು ಫೋಲ್ಡರ್ ಇರುತ್ತದೆ. ಎಸ್‌ಕ್ಯೂಎಲ್‌ಸೈಫರ್ 32 ಬಿಟ್, 64 ಬಿಟ್ ಎರಡು ಫೋಲ್ಡರಿನಲ್ಲೂ ಇತ್ತು. ಪ್ರಿಂಟರಿನದು ಇದ್ದದ್ದು 32 ಬಿಟ್‌ನ ವಿ7ಎ ಫೋಲ್ಡರಿನಲ್ಲಿ ಮಾತ್ರ.

ಇನ್‌ಸ್ಟಾಲ್ ಆಗುವಾಗ ಫೋನು ತನಗೆ ಹೊಂದುವ ಒಂದೇ ಫೋಲ್ಡರನ್ನು ಆರಿಸಿಕೊಳ್ಳುತ್ತದೆ. 64 ಬಿಟ್ ಫೋನಿಗೆ 64 ಬಿಟ್ ಫೋಲ್ಡರಿನಲ್ಲಿ ಒಂದೇ ಒಂದು .ಎಸ್‌ಒ ಕಂಡರೂ ಸಾಕು, ಆಪ್ ಪೂರ್ತಿ 64 ಬಿಟ್ ಆಗಿ ಓಡುತ್ತದೆ. ಪಕ್ಕದ 32 ಬಿಟ್ ಫೋಲ್ಡರ್ ಕಡೆ ತಿರುಗಿಯೂ ನೋಡುವುದಿಲ್ಲ. ಒಂದೇ ಪ್ರೋಸೆಸ್ಸಿನಲ್ಲಿ ಎರಡನ್ನೂ ಬೆರೆಸಲು ಬರುವುದಿಲ್ಲ. ಮೊದಲು ಪ್ರಿಂಟರಿನ ಫೈಲ್ ಒಂದೇ ಇದ್ದಾಗ ಮಂಡಿಯ ಎಲ್ಲ ಫೋನೂ ಆಪನ್ನು 32 ಬಿಟ್‌ನಲ್ಲೇ ಓಡಿಸುತ್ತಿದ್ದವು, ಹಾಗಾಗಿ ತೊಂದರೆ ಕಾಣಿಸಿರಲಿಲ್ಲ. ಓನರಿನ ಹಳೇ ಫೋನು 32 ಬಿಟ್‌ನದು, ಅದಕ್ಕೇ ಅದರಲ್ಲಿ ಈಗಲೂ ಬರುತ್ತಿತ್ತು.

ಹರಾಜು ನಿಲ್ಲುವುದಿಲ್ಲವಲ್ಲ. ತಾತ್ಕಾಲಿಕವಾಗಿ, ಆಪ್ ಕಟ್ಟುವ ಗ್ರೇಡಲ್‌ನಲ್ಲಿ ಯಾವ ಫೋಲ್ಡರ್ ಸೇರಬೇಕು ಅಂತ ಹೇಳುವ ಎಬಿಐ ಫಿಲ್ಟರಿನಲ್ಲಿ ವಿ7ಎ ಒಂದನ್ನೇ ಇಟ್ಟು ಎಪಿಕೆ ಕಳಿಸಿದೆ, ಚೀಟಿ ಬಂತು. ಆದರೆ ಇದು ಪ್ಲೇ ಸ್ಟೋರಿಗೆ ನಡೆಯುವುದಿಲ್ಲ: 2019ರ ಆಗಸ್ಟ್ 1ರಿಂದ ನೇಟಿವ್ ಕೋಡ್ ಇರುವ ಆಪಿಗೆ 64 ಬಿಟ್ ಕಡ್ಡಾಯ. ಪಿಕ್ಸೆಲ್ 7ರಂಥ ಫೋನುಗಳಲ್ಲಿ 32 ಬಿಟ್ ಆಪ್ ಓಡುವುದೇ ಇಲ್ಲ.

ಪ್ರಿಂಟರ್ ಕಂಪನಿಗೆ ಬರೆದು 64 ಬಿಟ್ ಫೈಲ್ ತರಿಸಿದೆ. ಜೆಎನ್‌ಐ‌ಲಿಬ್ಸ್ ಅನ್ನುವ ಫೋಲ್ಡರ್ ಒಳಗೆ 64 ಬಿಟ್‌ನ ಆರ್ಮ್64-ವಿ8ಎ ಫೋಲ್ಡರಿನಲ್ಲಿ ಹಾಕಿದರೆ ಮತ್ತೆ ಎರರ್, ಆದರೆ ಅದರಲ್ಲಿದ್ದ ಫೈಲಿನ ಹೆಸರು ಬೇರೆ: ಸಿ++ ಶೇರ್ಡ್ ಲೈಬ್ರರಿ ಇಲ್ಲವಂತೆ. ಎರರನ್ನು ಪೂರ್ತಿ ಓದದೆ "ಅದೇ ಎರರ್" ಅಂದುಕೊಂಡು ಕೈಬಿಡುವುದು ಇಲ್ಲೇ. ರೀಡ್‌ಎಲ್ಫ್ ಅನ್ನುವ ಕಮಾಂಡಿಗೆ -ಡಿ ಕೊಟ್ಟು ನೋಡಿದರೆ ಆ ಫೈಲಿಗೆ ಇನ್ಯಾವ ಫೈಲುಗಳು ಬೇಕು ಅನ್ನುವ ಪಟ್ಟಿಯೇ ಸಿಗುತ್ತದೆ. ಆಂಡ್ರಾಯ್ಡ್‌ನ ನೇಟಿವ್ ಕೋಡ್ ಕಿಟ್ ಆದ ಎನ್‌ಡಿಕೆಯಿಂದ ಆ ಫೈಲ್ ತಂದು ಜೊತೆಗಿಟ್ಟೆ, ಪ್ರಿಂಟ್ ಬಂತು. ಬೇರೆ ಲೈಬ್ರರಿಯೂ ಅದನ್ನೇ ಹೊತ್ತು ತಂದಿದ್ದರೆ ಒಂದೇ ಹೆಸರಿನ ಎರಡು ಫೈಲ್ ಅಂತ ಬಿಲ್ಡ್ ನಿಲ್ಲುತ್ತದೆ. ಆಗ ಗ್ರೇಡಲ್‌ನ ಪ್ಯಾಕೇಜಿಂಗ್‌ನಲ್ಲಿ, ಮೊದಲು ಸಿಕ್ಕಿದ್ದನ್ನೇ ತೆಗೆದುಕೋ ಅನ್ನುವ ಪಿಕ್‌ಫಸ್ಟ್ಸ್ ಬರೆಯಬೇಕು.

ಈಗ 16 ಕೆಬಿ ಪೇಜ್ ಸೈಜಿನ ನಿಯಮವೂ ಬಂದಿದೆ, ಅಂದರೆ ಮೆಮೊರಿಯನ್ನು 16 ಕೆಬಿ ತುಂಡುಗಳಲ್ಲಿ ಹಂಚುವ ಫೋನಿಗೂ .ಎಸ್‌ಒ ಹೊಂದಬೇಕು. ಆಂಡ್ರಾಯ್ಡ್ 15 ಅಥವಾ ಅದಕ್ಕಿಂತ ಹೊಸದನ್ನು ಟಾರ್ಗೆಟ್ ಮಾಡುವ ಆಪುಗಳಿಗೆ 2025ರ ನವೆಂಬರ್ 1ರಿಂದ ಪ್ಲೇ ಸ್ಟೋರ್ ಅದನ್ನು ಕೇಳುತ್ತಿದೆ. ಎನ್‌ಡಿಕೆ 28ರಿಂದ ಅದು ತಾನಾಗಿಯೇ ಸರಿಹೋಗುತ್ತದೆ, ಆದರೆ ಬೇರೆಯವರು ಕಟ್ಟಿಕೊಟ್ಟ .ಎಸ್‌ಒ ನಮ್ಮ ಕೈಯಲ್ಲಿಲ್ಲ. ಪ್ರಿಂಟರ್ ಕಂಪನಿಗೆ ಇನ್ನೊಂದು ಮೇಲ್ ಹಾಕಿದ್ದೇನೆ.